ಗೋಡೆಯ ದಪ್ಪ

ಜೀಲಾಂಗಿನಲ್ಲಿ, ರೈಲುಹಳಿಯ ಆಚೆ,
ಬ್ರಾಂಕಾಳ ಶೆಡ್ಡಿನ ನೆಲದ ಮೇಲೆ
ಆರಾರು ಬಾಯಿ ತೆರೆದು ಕೂತಿವೆ ಮೂರು ಬ್ಲಾಕು.
ನಾನು ಮೂರನೆಯ ವರ್ಷದ ಕಲಿಯುವ ಹುಡುಗ,
ಟಾರ್ಚು ಹಿಡಿಯುವುದು, ಹೇಳಿದ ಅಂಕಿ ಸೀಮೆಸುಣ್ಣದಲ್ಲಿ ಬರೆಯುವುದು,
ಕೇಳದೆ ಬಾಯಿ ಬಿಡದಿರುವುದು ನನ್ನ ಕೆಲಸ.

ಕೊಳ್ಳಲು ಬಂದವನು ಡೆರ್ಮಟ್, ಆಂಬುಲೆನ್ಸ್ ಓಡಿಸುವವನು.
ರಾತ್ರಿಪಾಳಿ ಮುಗಿಸಿ ಮನೆಗೂ ಹೋಗದೆ ಬಂದಿದ್ದ.
'ವೇಗ ಬೇಕು' ಅಂದ. ಆಮೇಲೆ ಸ್ವಲ್ಪ ನಾಚಿ,
'ಸೋಮವಾರ ಅದರಲ್ಲೇ ಕೆಲಸಕ್ಕೂ ಹೋಗಬೇಕು.'
ಬ್ರಾಂಕಾ ಕನ್ನಡಕ ಹಣೆಗೇರಿಸಿದಳು.
'ಶನಿವಾರದ ಗಿರಾಕಿಗಳು ಬೇಕಾದಷ್ಟು ಜನ.
ಸೋಮವಾರದ ಮಾತು ಆಡಿದವನು ನೀನೊಬ್ಬ.'

ಮೊದಲನೆಯದು ಅಲ್ಯೂಮಿನಿಯಂ. ಪೆಟ್ಟಿಗೆ ಬಿಚ್ಚಿ ವಾರವಾಗಿಲ್ಲ,
ಮದುವೆಮನೆಯ ಪಾತ್ರೆಯಂತೆ ಥಳಥಳ.
ಹಗುರ. ಕಾರಿನ ಮೂಗು ಇಳಿಯುತ್ತದೆ, ತಿರುವಿನಲ್ಲಿ ಮಾತು ಕೇಳುತ್ತದೆ,
ಇದನ್ನೆಲ್ಲ ಅವಳೇ ಹೇಳಿದಳು, ಏನೂ ಮುಚ್ಚಿಡದೆ.
ಬೆಲೆಯನ್ನೂ ಹೇಳಿದಳು.
ಡೆರ್ಮಟ್ ಅದರ ಮೇಲಿಂದ ಕೈ ತೆಗೆದ.

ಎರಡನೆಯದು ಎರಕದ ಕಬ್ಬಿಣ, ಹೆಚ್ಚು ಓಡದ ಕಾರಿನದು,
ಒಳಗೆ ಹೋನಿಂಗಿನ ಗೀರು ಇನ್ನೂ ಹಾಗೇ ಇದೆ.
ಅವನ ಕಣ್ಣು ಅಲ್ಲೇ ನೆಟ್ಟಿತ್ತು, ನನ್ನದೂ.
ಬ್ರಾಂಕಾ ಸಣ್ಣ ಸುತ್ತಿಗೆ ತೆಗೆದುಕೊಂಡು,
ಸಂತೆಯಲ್ಲಿ ಗಡಿಗೆ ತಟ್ಟುವ ಹಾಗೆ, ತಟ್ಟಿದಳು.
ದಪ್.
ಇನ್ನೊಮ್ಮೆ. ದಪ್.
ಅಯಸ್ಕಾಂತ ಹಚ್ಚಿ ಪುಡಿ ಉದುರಿಸಿದೆ.
ಬೋಲ್ಟಿನ ತೂತಿನಿಂದ ನೀರಿನ ದಾರಿಗೆ
ಒಂದು ಕೂದಲೆಳೆ ತಾನಾಗಿ ಮೂಡಿತು.

ಉಳಿದದ್ದು ಟ್ಯಾಕ್ಸಿಯದು.
ಮೆಲ್ಬರ್ನ್ ವಿಮಾನನಿಲ್ದಾಣಕ್ಕೆ ಹೋಗಿ ಬಂದು, ಹೋಗಿ ಬಂದು
ಏಳು ಲಕ್ಷ ಕಿಲೋಮೀಟರು.
ಮಸಿ, ತುಕ್ಕು, ಯಾರೋ ಮುರಿದು ಬಿಟ್ಟ ಅರ್ಧ ಬೋಲ್ಟು.
ಸುತ್ತಿಗೆ ತಾಗಿದರೆ ಣಣಣ ಅಂತ
ತಗಡಿನ ಮಾಡಿನವರೆಗೂ ಹೋಯಿತು ದನಿ.
'ಕಾದಿದೆ, ಆರಿದೆ, ಎಷ್ಟು ಸಾವಿರ ಸಲವೋ.
ಬಾಗುವುದಿದ್ದರೆ ಎಂದೋ ಬಾಗಿರುತ್ತಿತ್ತು.
ಹಠ ಬಿಟ್ಟ ಕಬ್ಬಿಣ ಇದು' ಅಂದಳು.

ಆಮೇಲೆ ಗೋಡೆ ಅಳೆದೆವು.
ಅಂಟಿನಂಥದ್ದು ಸವರಿ, ಶಬ್ದದ ಕಡ್ಡಿ ಒತ್ತಿ,
ಒಂದೊಂದು ಬಾಯಿಗೆ ಎಂಟೆಂಟು ಕಡೆ.
ಐದೂವರೆ. ಐದೂಕಾಲು. ಐದೂವರೆ.
ಐದನೆಯ ಸಿಲಿಂಡರಿನ ಒಂದು ಮಗ್ಗುಲಲ್ಲಿ ಮಾತ್ರ
ನಾಲ್ಕು ಚಿಲ್ಲರೆ.
ಎರಕ ಹೊಯ್ಯುವಾಗ ಮರಳಿನ ಅಚ್ಚು ಕೂದಲಷ್ಟು ಜರುಗಿತ್ತೇನೋ.
ಬರೆಯಲು ತಡವರಿಸಿದೆ. 'ಬರಿ' ಅಂದಳು, ನೋಡದೆಯೇ.

ಡೆರ್ಮಟ್ ಕೇಳಬೇಕಾದ್ದನ್ನೇ ಕೇಳಿದ:
'ಒಂದು ಮಿಲಿಮೀಟರ್ ಅಗಲ ಕೊರೆದರೆ
ಇನ್ನಷ್ಟು ಶಕ್ತಿ ಬರುತ್ತದಲ್ಲ?'
'ಬರುತ್ತದೆ. ಕೊರೆದದ್ದನ್ನು ತುಂಬಲು ನನ್ನಿಂದಾಗದು.'
ಅವನು ಸೀಮೆಸುಣ್ಣದ ಆ ಅಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ.
ಬಹಳ ಹೊತ್ತು ಕೂತ. ಹೊರಗೆ ಒಂದು ಗೂಡ್ಸು ಹೋಯಿತು.
'ರಾತ್ರಿ ಒಬ್ಬರನ್ನು ಕರೆದೊಯ್ದೆ,' ಅಂದ,
'ಹೊಟ್ಟೆಯ ದೊಡ್ಡ ನಾಳ. ಒಂದೇ ಕಡೆ ತೆಳುವಾಗಿತ್ತಂತೆ.'
ಕಥೆ ಅಲ್ಲಿಗೇ ನಿಂತಿತು.
ನಾವೂ ಕೇಳಲಿಲ್ಲ.

'ತುಕ್ಕು ಹೋಗುವಷ್ಟು ಮಾತ್ರ ಕೊರಿ,' ಎದ್ದು ನಿಂತು ಹೇಳಿದ.
ಮುಂಗಡ ಎಣಿಸಿಕೊಟ್ಟ. ಐವತ್ತು ಡಾಲರು ಕಡಿಮೆ ಬಿತ್ತು,
ಬ್ರಾಂಕಾ ಕಾಣದವಳ ಹಾಗೆ ಗಲ್ಲಾ ಮುಚ್ಚಿದಳು.

ಮಧ್ಯಾಹ್ನ ತೊಳೆಯುವಾಗ, ಬಿಸಿನೀರಿಗೆ ಮಸಿ ಜಾರಿ,
ಪಕ್ಕೆಯ ಒಳಮೈಯಲ್ಲಿ ಒಂದು ಹೆಬ್ಬೆರಳ ಗುರುತು ಕಂಡಿತು.
ಹಸಿ ಅಚ್ಚಿಗೆ ಯಾರೋ ಒತ್ತಿದ್ದು, ಕಬ್ಬಿಣವಾಗಿ ಉಬ್ಬಿತ್ತು.
ಈ ಊರಲ್ಲೇ ಎರೆದದ್ದು. ಆ ಕುಲುಮೆ ಈಗ ಆರಿದೆ.
'ಯಾರದ್ದಿರಬಹುದು?'
'ನೂರಾರು ಜನ ಇದ್ದೆವಪ್ಪ' ಅಂದಳು.
ಇದ್ದೆವು ಅಂದಳು, ಇದ್ದರು ಅನ್ನಲಿಲ್ಲ.
ನಾನು ತಲೆಯೆತ್ತುವುದರೊಳಗೆ ಎಣ್ಣೆಯ ಡಬ್ಬಿ ಕೈಗಿತ್ತಳು:

'ಬೇಗ ಸವರು. ತೊಳೆದ ಕಬ್ಬಿಣ
ಟೀ ಕುಡಿದು ಬರುವಷ್ಟರಲ್ಲಿ ಕೆಂಪಗಾಗುತ್ತದೆ.'